ಹಾಜರಿ ಪುಸ್ತಕದಲ್ಲಿ ಕೋನಗಳು

ಮುಚ್ಚಿಹೋದ ಶಾಲೆಯ ಹಾಜರಿ ಪುಸ್ತಕ ನನ್ನ ತೊಡೆಯ ಮೇಲೆ.
ದ್ಯಾಮವ್ವ ತಳವಾರ, ಇಮಾಮ್‌ಸಾಬ ನದಾಫ
ಇರುವ ಪುಟ ತಿರುವಿ, ಖಾಲಿ ಹಾಳೆಗೆ ಗೀಟು ಹಾಕಿದ್ದೇನೆ:
ಕೋನ. ಕಿಲೋ. ಷರಾ.

ಚಿಕಾಲಿಂ ಕೊಲ್ಲಿಗೆ ಭರತ ಬಂದಿದೆ.
ಇಳಿತಕ್ಕೆ ಇನ್ನೂ ಒಂದು ತಾಸು.
ನಾಲ್ಕು ವರ್ಷ ನಮ್ಮ ಅಂಗಳದಲ್ಲಿ ಬೋರಲು ಮಲಗಿದ್ದ ದೋಣಿ
ಇವತ್ತು ಮೊದಲ ಸಲ ನೆಟ್ಟಗೆ, ನೀರಿನ ಮೇಲೆ.
ಪ್ಲೈವುಡ್ಡು, ಎಪಾಕ್ಸಿ, ನನ್ನ ಎರಡು ಬಳೆ.
ಅಂಟು ಕಲಸಿದ ಮಗ್ಗಿನಲ್ಲಿ ಒಮ್ಮೆ ಚಹಾ ಕುಡಿದದ್ದೂ ಉಂಟು.

ಇವರು ರೋಣದ ಕಡೆಯವರು. ಹೊಳೆಯಿಲ್ಲದ ಊರು.
ಮೂವತ್ತೊಂದು ವರ್ಷ ವಾಸ್ಕೋದಲ್ಲಿ
ಬೇರೆಯವರ ಹಡಗಿಗೆ ತಗಡು ಜೋಡಿಸಿದರು.
ಈಗ ಕೈತಾನನ ಜೊತೆ ಧಕ್ಕೆಯ ಮೇಲೆ ಹಗ್ಗ ಹಿಡಿದಿದ್ದಾರೆ.
ಹಗ್ಗದ ಆ ತುದಿ ಕೂವೆಮರದ ನೆತ್ತಿಗೆ,
ನಡುವೆ ಮೀನು ಹರಾಜಿನ ಬೊನಿಫಾಸ್ ಕೊಟ್ಟ ಸ್ಪ್ರಿಂಗ್ ತಕ್ಕಡಿ,
ಕೊಕ್ಕೆಗೆ ನಿನ್ನೆಯ ಬಂಗುಡೆಯ ವಾಸನೆ.
ದೋಣಿಯ ಹಿಂಬದಿಯ ಹಲಗೆಗೆ ಬಡಿದಿರುವುದು
ನನ್ನ ಕರಿಹಲಗೆಯ ಕೋನಮಾಪಕ,
ಅದರೆದುರು ಗಾರೆಯವರ ತೂಗುಗುಂಡು.

ಮೊದಲು ಖಾಲಿ ಟ್ಯಾಂಕು.
"ಓಡ್!" ಎಂದ ಕೈತಾನ್. ಕೊಂಕಣಿಯಲ್ಲಿ ಎಳೆ ಎನ್ನಲು ಓಡ್;
ಇಲ್ಲಿಗೆ ಬಂದ ಹೊಸತರಲ್ಲಿ ನಾನು ನಿಜಕ್ಕೂ ಓಡಿದ್ದೆ.
ಮೂವತ್ತಕ್ಕೆ ಇಪ್ಪತ್ತನಾಲ್ಕು ಕಿಲೋ. ಅರವತ್ತಕ್ಕೆ ಆರು.
ಎಪ್ಪತ್ತಕ್ಕೆ ಮುಳ್ಳು ಸೊನ್ನೆ ಮುಟ್ಟಿ ಹಗ್ಗ ಸಡಿಲಾಯಿತು.
ಎಳೆಯುವವರು ಬೇಡ ಇನ್ನು,
ತಾನೇ ಹೋಗಿ ಕೊಲ್ಲಿಯ ಮೇಲೆ ಮಗ್ಗುಲಾಯಿತು.
ಇಬ್ಬರೂ ಎದೆಮಟ್ಟ ನೀರಿಗಿಳಿದು ಎತ್ತಿ ನಿಲ್ಲಿಸಿದರು.
ಷರಾ: ಏಳಲಿಲ್ಲ.

"ಅರ್ಧ ತುಂಬಿ ನೋಡೂಣು" ಅಂದರು.
ಅರ್ಧ ತುಂಬಿದ ನೀರು ಬರೀ ಹೌದಪ್ಪ.
ದೋಣಿ ಯಾವ ಕಡೆ ವಾಲಿತೋ ಆ ಕಡೆಗೇ ಧಾವಿಸಿ
ಹೌದೌದು, ಇನ್ನೂ ವಾಲು ಎಂದಿತು.
ತುಂಬಿದ ಕೊಡ ತುಳುಕುವುದಿಲ್ಲ ಎಂದು ಇಪ್ಪತ್ತಾರು ವರ್ಷ
ಹಲಗೆಯ ಮೇಲೆ ಬರೆದು ವಿನಯದ ಪಾಠ ಮಾಡಿದೆನಲ್ಲ,
ಅದರೊಳಗೆ ದೋಣಿ ಇತ್ತೆಂದು ಯಾರೂ ಹೇಳಿರಲಿಲ್ಲ.

ಆಮೇಲೆ ತೂಬು ಪೂರ್ತಿ ತೆರೆದರು. ಇನ್ನೂರ ನಲವತ್ತು ಲೀಟರು.
ಕೊನೆಯ ಗಾಳಿ ಕೊಳವೆಯಲ್ಲಿ ತೇಗಿ ಹೊರಬಂತು.
ಒಂದು ರಾತ್ರಿ ಬಚ್ಚಲಲ್ಲಿ ಕೂರಿಸಿ ತೋರಿಸಿದ್ದರು ನನಗೆ,
ನೀರು ತುಂಬಿದ ಹಾಲಿನ ಪಾಕೀಟು, ಬಕೆಟ್ಟಿನೊಳಗೆ ಮುಳುಗಿಸಿ:
"ನೀರಾಗ ನೀರಿಗಿ ತೂಕ ಇರಂಗಿಲ್ಲ.
ಮ್ಯಾಲ ಎತ್ತು. ಈಗ ಹೇಳು."

ಮೂವತ್ತಕ್ಕೆ ಮೂವತ್ತೆಂಟು.
ಅರವತ್ತಕ್ಕೆ ಇಪ್ಪತ್ತೇಳು; ಕೈತಾನನ ಕಾಲು ಪಾಚಿಯ ಮೇಲೆ ಜಾರಿತು.
ತೊಂಬತ್ತು.
ಕೂವೆಮರದ ತುದಿ ನೀರು ಮುಟ್ಟಿ ಸಣ್ಣದೊಂದು ಉಂಗುರ ಬರೆಯಿತು.
ಹೊಟ್ಟೆ ಅರ್ಧ ಹೊರಗೆ. ನಾನು ಬಳಿದ ಬಿಳಿ ಬಣ್ಣ,
ಅದರಲ್ಲಿ ಸಿಕ್ಕಿಕೊಂಡ ಬ್ರಷ್ಷಿನ ಕೂದಲು ಸಮೇತ.
ಅದರೊಳಗೆ ಝುವಾರಿಯದೇ ನೀರು, ಝುವಾರಿಗಿಂತ ಮೇಲೆ,
ಭಾರ.

ತಕ್ಕಡಿಯಲ್ಲಿ ಒಂಬತ್ತು ಕಿಲೋ.
ವರ್ಷ ತುಂಬಿದ ಕೂಸಿನ ತೂಕ.
"ಬಿಡ್ರಿ" ಅಂದೆ. ಬಿಡಲಿಲ್ಲ.
ಹಗ್ಗ ಸುತ್ತಿದ ಬೆರಳುಗಳು ಬೆಳ್ಳಗಾಗಿದ್ದವು.
"ಫಕೀರ್‌ಬಾಬ್, ಸೋಡ್" ಎಂದ ಕೈತಾನ್, ಮೆಲ್ಲಗೆ.

ಎದ್ದಿತು. ಸಲೀಸಾಗಿ ಅಲ್ಲ;
ಒಂದು ಗಳಿಗೆ ಯೋಚಿಸಿ, ಕೆರೆಯಿಂದ ಏಳುವ ಎಮ್ಮೆಯ ಹಾಗೆ,
ಆ ಕಡೆ ತುಸು ಹೆಚ್ಚೇ ವಾಲಿ, ಮತ್ತೆ ಈ ಕಡೆ.
ತೂಗುಗುಂಡು ಸೊನ್ನೆಯ ಸುತ್ತ ಅಲೆದು ಸುಸ್ತಾಯಿತು.
ಷರಾದ ಜಾಗದಲ್ಲಿ ಕೈ ತನ್ನ ರೂಢಿಯಂತೆ
'ಹಾಜರು' ಎಂದು ಬರೆದುಬಿಟ್ಟಿತ್ತು. ಹೊಡೆದುಹಾಕಲಿಲ್ಲ.

ಕೈತಾನ್ ಪಾವಿನ ಪೊಟ್ಟಣ ಬಿಚ್ಚಿದ.
ಇವರಾಗಲೇ ಟಾರ್ಚು ಹಿಡಿದು ಕ್ಯಾಬಿನ್ನಿನೊಳಗೆ ಬಗ್ಗಿದ್ದರು.
"ಎರಡು ಲೋಟ ನೀರು ಬಂದೈತಿ ಇಲ್ಲೆ."
ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು,
"ಟ್ಯಾಂಕಿಂದೋ, ಹೊರಗಿಂದೋ?"

ನಾನೂ ಅದ್ದಿ ನೋಡಿದೆ.
ಎರಡಕ್ಕೂ ಒಂದೇ ಉಪ್ಪು.